ಮಾರ್ಚ್‌ಗೆ ಯಜಮಾನರ ನಿವೃತ್ತಿ. 26 ಲಕ್ಷ ಬರುತ್ತದೆ, ಆಮೇಲೆ ಹೇಗೆ?

ಸೂಜಿದಾರ, ತುಮಕೂರು

ಎಲ್ಲರಿಗೂ ನಮಸ್ಕಾರ. ಬರುವ ಮಾರ್ಚ್‌ಗೆ ನಮ್ಮ ಯಜಮಾನರಿಗೆ 58 ತುಂಬುತ್ತದೆ. ಪೀಣ್ಯದ ಒಂದು ಖಾಸಗಿ ಕಾರ್ಖಾನೆಯಲ್ಲಿ 28 ವರ್ಷದ ಸರ್ವಿಸ್. ಬೆಳಿಗ್ಗೆ ಇಲ್ಲಿ ರೈಲು ಹತ್ತಿದರೆ ಯಶವಂತಪುರ, ಅಲ್ಲಿಂದ ಬಸ್ಸು. ಮನೆ ಸೇರುವಾಗ ರಾತ್ರಿ ಎಂಟು ದಾಟಿರುತ್ತದೆ. ಇಷ್ಟು ವರ್ಷ ನಮ್ಮ ಸಂಸಾರ ನಡೆದಿದ್ದೇ ಹೀಗೆ.

ಪಿಎಫ್ 21 ಲಕ್ಷ ಇದೆ. ಗ್ರಾಚ್ಯುಟಿ ಸೇರಿದರೆ 26 ಆಗಬಹುದು ಅನ್ನುತ್ತಾರೆ. ಸ್ವಂತ ಮನೆ, ಸಾಲ ತೀರಿದೆ. ಮೇಲಿನ ಮನೆಗೆ 6,500 ಬಾಡಿಗೆ ಬರುತ್ತದೆ. ಮನೆ ಖರ್ಚು, ಔಷಧಿ, ಹಬ್ಬ ಹರಿದಿನ, ಬೀಗರ ಮನೆ ಎಲ್ಲಾ ಸೇರಿ ತಿಂಗಳಿಗೆ 24,000. ಮಗಳ ಮದುವೆ ಆಗಿದೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಫ್ಲ್ಯಾಟ್‌ನ ಮುಂಗಡಕ್ಕೆ 10 ಲಕ್ಷ ಕೇಳಿದ್ದಾನೆ. ಇವರು ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ.

ದುಡ್ಡಿಗಿಂತ ನನಗೆ ಇವರದ್ದೇ ಯೋಚನೆ. ರೈಲಿನಲ್ಲಿ ಒಂದೇ ಬೋಗಿಯಲ್ಲಿ ಹೋಗುವ ಎಂಟು ಹತ್ತು ಜನ ಇದ್ದಾರೆ. ಆಯುಧಪೂಜೆಗೆ ಬೋಗಿಗೆ ಮಾವಿನ ಸೊಪ್ಪು ಕಟ್ಟಿ ಪೂಜೆ ಮಾಡುವವರು. ಇವರಿಗೆ ಗೆಳೆಯರು ಅಂದರೆ ಅವರೇ. ಊರಿನಲ್ಲಿ ಅಕ್ಕಪಕ್ಕದವರ ಹೆಸರೂ ಸರಿಯಾಗಿ ಗೊತ್ತಿಲ್ಲ. ಈಗೀಗ ಭಾನುವಾರ ಸುಮ್ನೆ ಜಗಲಿ ಮೇಲೆ ಕೂತು ಬಿಡುತ್ತಾರೆ. ಕೇಳಿದರೆ ಏನಿಲ್ಲ ಅನ್ನುತ್ತಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಬೇಕು?

ಲೆಕ್ಕದ ಪುಸ್ತಕ, ದಾವಣಗೆರೆ

ಬ್ಯಾಂಕಿನಲ್ಲಿದ್ದು ನಿವೃತ್ತನಾದವನು ನಾನು. ಚೆನ್ನಾಗಿ ಬರೆದಿದ್ದೀರಿ, ಆದರೆ ಒಂದು ಮುಖ್ಯ ವಿಷಯ ಬಿಟ್ಟಿದ್ದೀರಿ. ನಿಮ್ಮ ವಯಸ್ಸೆಷ್ಟು? ನಿಮ್ಮ ದುಡಿಮೆ ಎಷ್ಟು? ಯಜಮಾನರ ಮೂಲ ವೇತನ ಮತ್ತು ಡಿಎ ಸೇರಿ ಎಷ್ಟು?

ಸೂಜಿದಾರ, ತುಮಕೂರು

ನನಗೆ 52 ಸರ್. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ತಿಂಗಳಿಗೆ ಐದು ಸಾವಿರದ ಹತ್ತಿರ ಆಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇವರ ಬೇಸಿಕ್ ಮತ್ತು ಡಿಎ ಸೇರಿ 32,000.

ಲೆಕ್ಕದ ಪುಸ್ತಕ, ದಾವಣಗೆರೆ

ಲೆಕ್ಕಕ್ಕೆ ಹಿಡಿಯದೇ ಇರುವುದು ಯಾಕೆ? ಮೊದಲು ಅದನ್ನೇ ಹಿಡಿಯಿರಿ.

ಗ್ರಾಚ್ಯುಟಿ: 32,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 28 ವರ್ಷಕ್ಕೆ ಗುಣಿಸಿದರೆ ಸುಮಾರು 5.17 ಲಕ್ಷ. ಅಲ್ಲಿಗೆ 26 ಲಕ್ಷ ಅನ್ನುವುದು ಸರಿಯಾಗಿದೆ.

ತಿಂಗಳ ಪಿಂಚಣಿಯ ಬಗ್ಗೆ ನೀವು ಏನೂ ಬರೆದಿಲ್ಲ. ಇಪಿಎಸ್ ಅಂತ, ಪಿಎಫ್ ಜೊತೆಗಿರುವ ನೌಕರರ ಪಿಂಚಣಿ ಯೋಜನೆ, ಅದರಿಂದ ಒಂದು ಬರುತ್ತದೆ. ಆದರೆ ದೊಡ್ಡದಾಗಿ ನಿರೀಕ್ಷೆ ಬೇಡ. ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಆ ಸಂಬಳಕ್ಕೆ ಮಿತಿ ಇದೆ. 2014ರ ಆಗಸ್ಟ್‌ವರೆಗಿನ ಸೇವೆಗೆ 6,500, ಅಲ್ಲಿಂದ ಈಚೆಗೆ 15,000. 20 ವರ್ಷ ದಾಟಿದವರಿಗೆ ಎರಡು ವರ್ಷ ಹೆಚ್ಚಿಗೆ ಸೇರಿಸುತ್ತಾರೆ. ಎಲ್ಲಾ ಕೂಡಿದರೂ ನಿಮ್ಮವರಿಗೆ 4,200 ರಿಂದ 4,400 ಬಂದೀತು. ಇದಕ್ಕೆ ತುಟ್ಟಿಭತ್ಯೆ ಇಲ್ಲ. ಇವತ್ತು ಎಷ್ಟೋ, ಇಪ್ಪತ್ತು ವರ್ಷ ಬಿಟ್ಟೂ ಸೂತ್ರದ ಪ್ರಕಾರ ಅಷ್ಟೇ. 60ರವರೆಗೆ ತೆಗೆದುಕೊಳ್ಳದೆ ಕಾದರೆ ವರ್ಷಕ್ಕೆ 4% ಜಾಸ್ತಿ ಸಿಗುತ್ತದೆ. ಅವರು ಹೋದಮೇಲೆ ನಿಮಗೆ ಅದರ ಅರ್ಧ. ಕಟುವಾಗಿ ಕಾಣಬಹುದು, ಆದರೆ ಹೇಳಲೇಬೇಕು.

ಈಗ 26 ಲಕ್ಷ. ಅಂಚೆ ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 2023ರ ಏಪ್ರಿಲ್‌ನಿಂದ ಬಡ್ಡಿ 8.2%, ಮಿತಿ 30 ಲಕ್ಷ. 60 ತುಂಬಿದವರಿಗೆ ಮಾತ್ರ ಅಂತ ಜನ ತಿಳಿದಿದ್ದಾರೆ. 55 ದಾಟಿ ನಿವೃತ್ತರಾದವರೂ ಸೇರಬಹುದು, ಆದರೆ ನಿವೃತ್ತಿ ಹಣ ಕೈಗೆ ಬಂದ ಮೂರು ತಿಂಗಳ ಒಳಗೆ. ಆ ಗಡುವು ತಪ್ಪಿದರೆ 60ರವರೆಗೆ ಕಾಯಬೇಕು. ಇದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಅದರಲ್ಲಿ 20 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 41,000 ಬಡ್ಡಿ. ತಿಂಗಳಿಗೆ 13,600 ಚಿಲ್ಲರೆ ಅನ್ನಿ. ಪಿಂಚಣಿ 4,200, ಬಾಡಿಗೆ 6,500. ಒಟ್ಟು 24,300. ಖರ್ಚು 24,000. ಇವತ್ತಿನ ಮಟ್ಟಿಗೆ ತಕ್ಕಡಿ ಸಮ ಇದೆ.

ಆದರೆ ಬೆಲೆ ಏರಿಕೆ ವರ್ಷಕ್ಕೆ 6% ಅಂತ ಹಿಡಿದರೂ 12 ವರ್ಷಕ್ಕೆ ಖರ್ಚು ಎರಡರಷ್ಟಾಗುತ್ತದೆ. ನಿಮಗೆ 64 ಆದಾಗ 48,000. 76 ಆದಾಗ 96,000. ಅದಕ್ಕೇ ನಿಮ್ಮ ವಯಸ್ಸು ಕೇಳಿದ್ದು. ಈ ದುಡ್ಡು ಅವರ ಮುಪ್ಪಿಗಷ್ಟೇ ಅಲ್ಲ, ನಿಮ್ಮ ಮುಪ್ಪಿಗೂ ಸಾಕಾಗಬೇಕು. ನೀವು 85ರವರೆಗೆ ಇರುತ್ತೀರಿ ಅಂತಲೇ ಲೆಕ್ಕ ಹಾಕಿ.

ಉಳಿದ ಆರು ಲಕ್ಷದಲ್ಲಿ ಎರಡು ಲಕ್ಷ ಯಾವಾಗ ಬೇಕಾದರೂ ಸಿಗುವ ಹಾಗೆ ಬ್ಯಾಂಕಿನಲ್ಲಿರಲಿ. ನಾಲ್ಕು ಲಕ್ಷ ಹತ್ತು ವರ್ಷದಾಚೆಯ ಖರ್ಚಿಗೆ. ಅದನ್ನು ಮ್ಯೂಚುವಲ್ ಫಂಡಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬಹುದು, ನಡುವೆ ಬೆಲೆ ಬಿದ್ದರೂ ಮುಟ್ಟುವುದಿಲ್ಲ ಎನ್ನುವ ಧೈರ್ಯ ಇದ್ದರೆ ಮಾತ್ರ. ಇಲ್ಲದಿದ್ದರೆ ಬೇಡ, ಎಫ್‌ಡಿಯಲ್ಲೇ ಇರಲಿ.

ಮಗನಿಗೆ 10 ಲಕ್ಷ ಕೊಟ್ಟರೆ? 8.2%ರಂತೆ ತಿಂಗಳಿಗೆ 6,833 ರೂಪಾಯಿಯ ಬಡ್ಡಿ ಕೊಟ್ಟ ಹಾಗೆ. ನಿಮ್ಮ ಮೇಲಿನ ಮನೆಯ ಬಾಡಿಗೆಗಿಂತ ಜಾಸ್ತಿ. ಈ ಒಂದು ಅಂಕಿಯನ್ನು ಮಗನಿಗೆ ತೋರಿಸಿ. ಅವನೂ ಸಂಬಳ ಎಣಿಸಿ ಬದುಕುವವನು, ಅರ್ಥವಾಗುತ್ತದೆ.

ನೆರಳು ಮರ, ಹಾವೇರಿ

ಲೆಕ್ಕದ ಪುಸ್ತಕದವರ ಮಾತಿಗೆ ನನ್ನದೊಂದು ತಕರಾರು. ಎಲ್ಲವನ್ನೂ ಬಡ್ಡಿಯಲ್ಲಿ ಅಳೆಯಬೇಡಿ ಸರ್. ನಾವು ಮಗನ ಮನೆಗೆ ಕೈಲಾದಷ್ಟು ಕೊಟ್ಟೆವು. ಇವತ್ತು ಆ ಮನೆಯಲ್ಲೇ ಇದ್ದೇವೆ. ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಮೊಮ್ಮಗಳನ್ನು ಶಾಲೆಗೆ ಬಿಡುವುದು, ಕರೆತರುವುದು ನನ್ನ ಕೆಲಸ. ಇದಕ್ಕೆ ಯಾವ ಯೋಜನೆಯಲ್ಲಿ ಎಷ್ಟು ಬಡ್ಡಿ ಕೊಡುತ್ತಾರೆ? ಬೆಂಗಳೂರಿನಲ್ಲಿ ಮಕ್ಕಳು ಸಾಲದಲ್ಲಿ ಮುಳುಗಿರುವಾಗ ನಾವು ಗಂಟು ಕಟ್ಟಿಕೊಂಡು ಕೂತರೆ ಮನಸ್ಸಿಗೂ ಹಿತ ಇರುವುದಿಲ್ಲ.

ಲೆಕ್ಕದ ಪುಸ್ತಕ, ದಾವಣಗೆರೆ

ನಿಮ್ಮ ಮನೆ ಹಾಗೆ ನಡೆಯುತ್ತಿರುವುದು ಕೇಳಿ ನಿಜಕ್ಕೂ ಖುಷಿಯಾಯಿತು. ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ಮೊದಲ ವರ್ಷ ಕೊಡಬೇಡಿ ಅನ್ನುತ್ತೇನೆ. ನಿವೃತ್ತಿಯಾದ ಮೊದಲ ವರ್ಷ ಮನಸ್ಸು ಒಂದು ನೆಲೆಯಲ್ಲಿ ಇರುವುದಿಲ್ಲ. ಒಮ್ಮೆಗೇ ಅಷ್ಟು ದುಡ್ಡು ನೋಡಿದವರಲ್ಲ ನಾವು. ಕೌಂಟರಿನ ಈಚೆ ಕೂತು ಬಹಳ ಜನರನ್ನು ನೋಡಿದ್ದೇನೆ. ನಿವೃತ್ತಿ ಹಣ ಬಂದ ವಾರದಲ್ಲೇ ವಿಮೆಯವರು, ಸೈಟಿನವರು, ಚೀಟಿಯವರು, ನೆಂಟರು ಎಲ್ಲರೂ ಬರುತ್ತಾರೆ. 58ರ ಮನುಷ್ಯನಿಗೆ ಹತ್ತು ವರ್ಷ ಕಂತು ಕಟ್ಟುವ ಪಾಲಿಸಿ ಮಾರುತ್ತಾರೆ. ದುಡಿಮೆ ನಿಂತ ಮೇಲೆ ಕಂತು ಎಲ್ಲಿಂದ ಕಟ್ಟುವುದು?

ಇನ್ನೊಂದು ಮಾತು. ಜಾಸ್ತಿ ಬಡ್ಡಿ ಅಂತ ಪತ್ತಿನ ಸಹಕಾರ ಸಂಘಗಳಿಗೆ ಓಡಬೇಡಿ. ಬ್ಯಾಂಕ್ ಆದರೆ, ಸಹಕಾರಿ ಬ್ಯಾಂಕ್ ಸೇರಿ, ಒಬ್ಬರಿಗೆ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಂಘಗಳಿಗೆ ಅದೂ ಇಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. ಮೊದಲಿಗೆ 35,000ಕ್ಕಿಂತ ಹೆಚ್ಚು ತೆಗೆಯುವ ಹಾಗಿರಲಿಲ್ಲ. ಬಾಗಿಲ ಮುಂದೆ ನಿಂತವರಲ್ಲಿ ತಲೆ ನರೆತವರೇ ಎಷ್ಟೋ ಜನ.

ಹಳೇ ಮೇಷ್ಟ್ರು, ಚನ್ನರಾಯಪಟ್ಟಣ

ದುಡ್ಡಿನ ಮಾತು ತಿಳಿದವರು ಹೇಳಿದ್ದಾರೆ. ನಾನು ಇನ್ನೊಂದು ಮಗ್ಗುಲು ಹೇಳುತ್ತೇನೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು. 2006ರ ಏಪ್ರಿಲ್‌ಗೆ ಮುಂಚೆ ಸೇರಿದವನಾದ್ದರಿಂದ ಹಳೇ ಪಿಂಚಣಿ ಇದೆ. ದುಡ್ಡಿನ ತಾಪತ್ರಯ ಇಲ್ಲ. ಆದರೂ ಮೊದಲ ಆರೇಳು ತಿಂಗಳು ಬಹಳ ಕಷ್ಟಪಟ್ಟೆ. ಬೀಳ್ಕೊಡುಗೆ ದಿನ ಪೇಟ, ಶಾಲು, ಹಣ್ಣಿನ ಬುಟ್ಟಿ, ಮಕ್ಕಳ ಕಣ್ಣೀರು. ಮಾರನೇ ದಿನವೂ ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಶರ್ಟು ಹಾಕಿ ರೆಡಿಯಾಗಿ ಕೂತಿದ್ದೆ. ಹೋಗುವುದಕ್ಕೆ ಜಾಗ ಇರಲಿಲ್ಲ. ದಿನಕ್ಕೆ ನಲವತ್ತು ಸಲ ಮಕ್ಕಳ ಬಾಯಲ್ಲಿ ಸಾರ್ ಅನ್ನಿಸಿಕೊಂಡವನಿಗೆ ಆ ಮೌನ ತಡೆಯುವುದು ಸುಲಭ ಅಲ್ಲ. ಸಣ್ಣ ಸಣ್ಣ ವಿಷಯಕ್ಕೆ ಮನೆಯವಳ ಮೇಲೆ ರೇಗುತ್ತಿದ್ದೆ. ಬಿಪಿ ಮಾತ್ರೆ ಶುರುವಾಗಿದ್ದೂ ಆಗಲೇ.

ಈಗ ಸಂಜೆ ಹೊತ್ತು ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ನಮ್ಮ ಪಡಸಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಆದರೆ ಸಮಯಕ್ಕೆ ಸರಿಯಾಗಿ ಬರಬೇಕು ಅಂತ ಕಟ್ಟುನಿಟ್ಟು ಮಾಡಿದ್ದೇನೆ. ನನಗೆ ಬೇಕಾಗಿದ್ದೇ ಆ ಸಮಯದ ಕಟ್ಟು. ಯಾರೋ ನನಗಾಗಿ ಕಾಯುತ್ತಾರೆ ಎನ್ನುವುದು.

ನಿಮ್ಮ ಯಜಮಾನರಿಗೆ ವಾಕಿಂಗ್ ಹೋಗಿ, ಭಜನೆಗೆ ಹೋಗಿ ಅಂತ ಹೇಳಿದರೆ ಸಾಲದು ತಾಯಿ. 28 ವರ್ಷ ಮಷೀನ್ ನಡೆಸಿದ ಕೈ ಅದು. ಆ ಕೈಗೆ ಏನು ಬರುತ್ತದೋ ಅದನ್ನು ಊರಿಗೆ ಬೇಕಾಗುವ ಹಾಗೆ ಮಾಡಬೇಕು. ಕಾರ್ಖಾನೆಯಲ್ಲಿ ಅವರ ಕೆಲಸ ಏನು?

ಸೂಜಿದಾರ, ತುಮಕೂರು

ಲೇತ್ ಮಷೀನ್, ಈಗ ಮೇಂಟೆನೆನ್ಸ್ ನೋಡಿಕೊಳ್ಳುತ್ತಾರೆ ಮೇಷ್ಟ್ರೇ. ನೀವು ಶರ್ಟು ಹಾಕಿಕೊಂಡು ಕೂತ ವಿಷಯವನ್ನು ಇವರಿಗೆ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, ನನಗೂ ಅದೇ ಭಯ ಅಂದರು. ಈ ವಿಷಯದಲ್ಲಿ ಅವರು ಬಾಯಿ ಬಿಟ್ಟಿದ್ದು ಇದೇ ಮೊದಲು.

ಹೊಳೆದಂಡೆ, ಶ್ರೀರಂಗಪಟ್ಟಣ

ಅಕ್ಕ, ಎಲ್ಲರೂ ಯಜಮಾನರ ಮನಸ್ಸಿನ ಬಗ್ಗೆ ಹೇಳಿದರು. ನಿಮ್ಮ ಮನಸ್ಸಿನ ಬಗ್ಗೆ ನಾನು ಕೇಳುತ್ತೇನೆ. ಇಷ್ಟು ವರ್ಷ ಬೆಳಿಗ್ಗೆಯಿಂದ ರಾತ್ರಿ ಎಂಟರವರೆಗೆ ಆ ಮನೆ ನಿಮ್ಮದಾಗಿತ್ತು. ಬ್ಲೌಸ್ ಕೊಡಲು ಬರುವ ಹೆಂಗಸರು, ನಿಮ್ಮ ರೇಡಿಯೊ, ಮಧ್ಯಾಹ್ನ ಒಂದು ಗಳಿಗೆ ಕಾಲು ಚಾಚುವುದು. ಏಪ್ರಿಲ್‌ನಿಂದ ಮನೆಯಲ್ಲಿ ಇನ್ನೊಬ್ಬರು ಇರುತ್ತಾರೆ.

ನಮ್ಮವರು ನಿವೃತ್ತರಾದ ಹೊಸದರಲ್ಲಿ ಅಡುಗೆಮನೆಗೆ ಬಂದು ಸಾಸಿವೆ ಡಬ್ಬ ಇಲ್ಯಾಕಿದೆ, ಗ್ಯಾಸ್ ಇಷ್ಟು ದೊಡ್ಡದಾಗಿ ಯಾಕೆ ಉರಿಸ್ತೀಯ ಅಂತ ಕೇಳುತ್ತಿದ್ದರು. ಹನ್ನೊಂದಕ್ಕೊಂದು ಕಾಫಿ, ನಾಲ್ಕಕ್ಕೊಂದು ಕಾಫಿ. ನನ್ನ ಗೆಳತಿಯರು ಮನೆಗೆ ಬರುವುದು ಬಿಟ್ಟರು. ಅವರಿಗೆ ನಿವೃತ್ತಿ, ನನಗೆ ಕೆಲಸ ಎರಡರಷ್ಟು. ಮನಸ್ಸಿನಲ್ಲಿಟ್ಟುಕೊಂಡು ಕೊರಗಿದೆ. ಕೊನೆಗೆ ಒಂದು ದಿನ ಕೂರಿಸಿಕೊಂಡು ನಿಧಾನವಾಗಿ ಹೇಳಿದೆ. ಬೆಳಗಿನ ಕಾಫಿ, ತರಕಾರಿ, ಬಟ್ಟೆ ಒಣಹಾಕುವುದು ಈಗ ಅವರದ್ದು. ಮಧ್ಯಾಹ್ನ ಎರಡರಿಂದ ನಾಲ್ಕು ನನ್ನ ಹೊತ್ತು, ಆಗ ಅವರು ಲೈಬ್ರರಿಗೆ ಹೋಗುತ್ತಾರೆ.

ಈ ಮಾತುಕತೆ ಮಾರ್ಚ್‌ಗೆ ಮುಂಚೆಯೇ ಆಗಲಿ. ನಿಮ್ಮ ಹೊಲಿಗೆ ಮಷೀನ್ ಇರುವ ಕೋಣೆ ನಿಮ್ಮದಾಗಿಯೇ ಇರಲಿ. ಅಲ್ಲಿಗೆ ಟಿವಿ ತರಲು ಬಿಡಬೇಡಿ.

ಮತ್ತೆ, ನಮ್ಮ ಕಡೆ ಹೆಂಗಸರು ನಾಲ್ಕಾರು ಜನ ಸೇರಿ ಶಕ್ತಿ ಬಸ್ಸಿನಲ್ಲಿ ಧರ್ಮಸ್ಥಳ, ಹೊರನಾಡು ಅಂತ ಹೋಗಿ ಬರುತ್ತೇವೆ. 2023ರ ಜೂನ್‌ನಿಂದ ಟಿಕೆಟ್ ಖರ್ಚಿಲ್ಲ. ಗಂಡಸರಿಗೆ 60 ಆದಮೇಲೆ 25% ರಿಯಾಯಿತಿ ಇದೆ. ಒಟ್ಟಿಗೂ ಹೋಗಿ, ಬೇರೆ ಬೇರೆಯಾಗಿಯೂ ಹೋಗಿ. ಎರಡೂ ಬೇಕು.

ಸ್ಟೇರಿಂಗ್, ಹಿರಿಯೂರು

ನಾನು ಬಸ್ ಚಾಲಕನಾಗಿದ್ದವನು. ನಮಗೂ ಇದೇ ಇಪಿಎಸ್ ಪಿಂಚಣಿ, ನಾಲ್ಕು ಸಾವಿರದೊಳಗೆ. ಅದರಲ್ಲಿ ಜೀವನ ಆಗುವುದಿಲ್ಲ. ಲೆಕ್ಕದ ಪುಸ್ತಕ ಸರ್ ಹೇಳಿದ್ದು ಸತ್ಯ.

ನನ್ನ ಮಾತು ಏನೆಂದರೆ, 58 ಏನು ವಯಸ್ಸಲ್ಲ. ಪೂರ್ತಿ ಕೂರಬೇಡಿ ಅಂತ ಹೇಳಿ ಅವರಿಗೆ. ಲೇತ್ ಗೊತ್ತಿರುವವರಿಗೆ, ಮೇಂಟೆನೆನ್ಸ್ ಗೊತ್ತಿರುವವರಿಗೆ ತುಮಕೂರಿನಲ್ಲೇ ಕೆಲಸ ಉಂಟು. ವಸಂತನರಸಾಪುರ, ಅಂತರಸನಹಳ್ಳಿಯಲ್ಲಿ ಎಷ್ಟು ಫ್ಯಾಕ್ಟರಿ ಇಲ್ಲ! ಅರ್ಧ ದಿನ ಹೋಗಿ ಹುಡುಗರಿಗೆ ಕೆಲಸ ಕಲಿಸಿದರೂ ಎಂಟು ಹತ್ತು ಸಾವಿರ ಕೊಡುವವರಿದ್ದಾರೆ. ನಾಲ್ಕೈದು ವರ್ಷ ಹೀಗೆ ನಡೆದರೆ ಇಪಿಎಸ್ ತೆಗೆಯದೆ 60ರವರೆಗೆ ಕಾಯಬಹುದು, ಬಡ್ಡಿಯಲ್ಲೂ ಸ್ವಲ್ಪ ಉಳಿಯುತ್ತದೆ.

ಆದರೆ ರಾತ್ರಿ ಪಾಳಿ ಬೇಡ. ನನಗೆ ಈಗಲೂ ಮೂರೂವರೆಗೆ ಎಚ್ಚರ ಆಗುತ್ತದೆ. ಫಸ್ಟ್ ಬಸ್ ಹೊರಡುವ ಹೊತ್ತು ಅದು. ದೇಹಕ್ಕೆ ನಿವೃತ್ತಿ ಆಗಿದ್ದು ಗೊತ್ತಾಗುವುದಕ್ಕೆ ಬಹಳ ದಿನ ಬೇಕು.

ಗಾರ್ಮೆಂಟ್ಸ್ ಅಕ್ಕ, ಬೆಂಗಳೂರು

ಆಸ್ಪತ್ರೆ ಖರ್ಚಿನ ಬಗ್ಗೆ ಯಾರೂ ಹೇಳಲಿಲ್ಲ. ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇದ್ದವರು ಕನಿಷ್ಠ ಐದು ವರ್ಷ ವಂತಿಗೆ ಕಟ್ಟಿ ವಯಸ್ಸಾಗಿ ನಿವೃತ್ತರಾಗಿದ್ದರೆ, ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. ಗೊತ್ತಿಲ್ಲದೆ ಬಿಟ್ಟವರು ಬಹಳ ಜನ. ನಿಮ್ಮವರಿಗೆ ಇಎಸ್‌ಐ ಇತ್ತಾ?

ಸೂಜಿದಾರ, ತುಮಕೂರು

ಇಲ್ಲ, ಸಂಬಳ ಜಾಸ್ತಿ ಅಂತ ಎಷ್ಟೋ ವರ್ಷದ ಹಿಂದೆಯೇ ನಿಂತಿತು. ಕಂಪನಿಯದೇ ವಿಮೆ ಇದೆ, ಮೂರು ಲಕ್ಷದ್ದು. ಇವರಿಗೆ ಸಕ್ಕರೆ ಕಾಯಿಲೆ ಇದೆ.

ಲೆಕ್ಕದ ಪುಸ್ತಕ, ದಾವಣಗೆರೆ

ಹಾಗಾದರೆ ಇದು ಮೊದಲ ಕೆಲಸ, ದುಡ್ಡು ಎಲ್ಲಿಡಬೇಕು ಎನ್ನುವುದಕ್ಕಿಂತ ಮೊದಲು. ಕಂಪನಿಯ ಗುಂಪು ವಿಮೆ ಕೆಲಸ ಬಿಟ್ಟ ದಿನಕ್ಕೆ ಮುಗಿಯುತ್ತದೆ. ನಿವೃತ್ತಿಗೆ ಎರಡು ತಿಂಗಳ ಮುಂಚೆಯೇ ಎಚ್‌ಆರ್‌ನವರನ್ನು ಕೇಳಿ, ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಿ. ಹಾಗೆ ಹೋದರೆ ಹಳೇ ಕಾಯಿಲೆಗೆ ಕಾಯಬೇಕಾದ ಅವಧಿಯಲ್ಲಿ ಹಿಂದಿನ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಹೊಸದಾಗಿ ತೆಗೆದುಕೊಂಡರೆ ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ ಮೂರು ವರ್ಷ ಕಾಯಿಸಬಹುದು. 2024ಕ್ಕೆ ಮುಂಚೆ ನಾಲ್ಕು ವರ್ಷ ಇತ್ತು. ಸಕ್ಕರೆ ಕಾಯಿಲೆ ಇರುವುದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಏಜೆಂಟ್ ಬರೆಯಬೇಡಿ ಅಂದರೂ ಬರೆಯಿರಿ. ಕ್ಲೇಮ್ ಸಮಯದಲ್ಲಿ ಅದನ್ನೇ ಹಿಡಿದು ತಿರಸ್ಕರಿಸುತ್ತಾರೆ.

2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಆದರೂ ಈ ವಯಸ್ಸಿಗೆ ಕಂತು ಭಾರವೇ. 24,000ದ ಖರ್ಚಿಗೆ ಇದನ್ನೂ ಸೇರಿಸಿ. ಅಲ್ಲಿಗೆ ನಾನು ಮೇಲೆ ಹಾಕಿದ ತಕ್ಕಡಿ ಸ್ವಲ್ಪ ವಾಲುತ್ತದೆ. ಅದನ್ನು ಸರಿದೂಗಿಸುವುದು ನಿಮ್ಮ ಹೊಲಿಗೆಯ ಐದು ಸಾವಿರ.

ತೋಟದ ಮನೆ, ಶಿರಸಿ

ನಮ್ಮಂಥ ಅಡಿಕೆ ತೋಟದವರಿಗೆ ನಿವೃತ್ತಿಯ ತಾರೀಕು ಅಂತ ಇಲ್ಲ. ಆದರೆ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಯಜಮಾನಿಕೆ ಯಾವಾಗ ಬಿಡಬೇಕು? ತೋಟ ಮಗನ ಹೆಸರಿಗೆ ಯಾವಾಗ ಮಾಡಬೇಕು? ನಮ್ಮ ಸೀಮೆಯಲ್ಲಿ ಮರ್ಯಾದೆಗೆ ಅಂಜಿ ಬೇಗ ಬರೆದುಕೊಟ್ಟು, ಕೊನೆಗೆ ಕವಳಕ್ಕೂ ಮಗನ ಹತ್ತಿರ ಕೈಚಾಚುವ ಹಿರಿಯರನ್ನು ನೋಡಿದ್ದೇನೆ. ಸೊಸೆ ಕೆಟ್ಟವಳಲ್ಲ, ಮಗನೂ ಕೆಟ್ಟವನಲ್ಲ. ಆದರೆ ಕೇಳಿ ಪಡೆಯುವುದೇ ಒಂದು ನೋವು.

ಹಾಗಾಗಿ ಸೂಜಿದಾರ ಅವರಿಗೆ ಒಂದು ಮಾತು. ಮನೆಯನ್ನು ಈಗಲೇ ಯಾರ ಹೆಸರಿಗೂ ಮಾಡಬೇಡಿ. ವಿಲ್ ಬರೆದಿಡಿ. ಇಬ್ಬರು ಸಾಕ್ಷಿಗಳಿದ್ದರೆ ಸಾಕು, ನೋಂದಣಿ ಕಡ್ಡಾಯವಲ್ಲ, ಮನಸ್ಸು ಬದಲಾದರೆ ಬೇರೆ ಬರೆಯಬಹುದು. ದಾನಪತ್ರ ಮಾಡಿಯೇ ತೀರುತ್ತೇವೆ ಅಂದರೆ, ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತು ಆ ಪತ್ರದಲ್ಲೇ ಇರಲಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನ ಪ್ರಕಾರ ಹಾಗೆ ಷರತ್ತು ಇದ್ದು, ನೋಡಿಕೊಳ್ಳದೇ ಹೋದರೆ, ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ಪತ್ರ ರದ್ದು ಮಾಡಿಸಬಹುದು. ಬಾಯಿಮಾತಿನ ಭರವಸೆ ನಂಬಿ ಹೋದವರಿಗೆ ಅಲ್ಲಿ ಕಷ್ಟವಾಗುತ್ತದೆ. ಯಾವುದಕ್ಕೂ ದಾರಿ ಕಾಣದಿದ್ದರೆ 14567 ಅಂತ ಹಿರಿಯರ ಸಹಾಯವಾಣಿ ಇದೆ.

ದೂರದ ಮಗ, ಡಲ್ಲಾಸ್

ಮಕ್ಕಳ ಕಡೆಯಿಂದ ನನ್ನದೊಂದು ಮಾತು. ನಮ್ಮ ಊರು ಶಿವಮೊಗ್ಗ. ಅಪ್ಪ ನಿವೃತ್ತರಾಗುವ ವರ್ಷ ನನ್ನನ್ನೂ ತಂಗಿಯನ್ನೂ ಕೂರಿಸಿಕೊಂಡು ಒಂದು ನೋಟ್‌ಬುಕ್ ತೆಗೆದು ತೋರಿಸಿದರು. ಇಷ್ಟು ಬರುತ್ತದೆ, ಇಷ್ಟು ಖರ್ಚು, ಇಷ್ಟು ಅಮ್ಮನಿಗೆ, ನಿಮಗೆ ಕೊಡಲು ಇಷ್ಟೇ ಉಳಿಯುತ್ತದೆ. ಕೇಳಿದ ನಮಗೆ ಬೇಜಾರಾಗಲಿಲ್ಲ, ನಿರಾಳವಾಯಿತು. ಅದುವರೆಗೆ ಅಪ್ಪನ ಹತ್ತಿರ ಎಷ್ಟಿದೆ ಎಂಬ ಅಂದಾಜೇ ನಮಗಿರಲಿಲ್ಲ. ಲೆಕ್ಕ ಗೊತ್ತಿಲ್ಲದ ಮಗ 10 ಲಕ್ಷ ಕೇಳುತ್ತಾನೆ. ಗೊತ್ತಿರುವ ಮಗ ಕೇಳುವ ರೀತಿಯೇ ಬೇರೆ ಇರುತ್ತದೆ. ದಯವಿಟ್ಟು ಮಗನ ಬಗ್ಗೆ ಈಗಲೇ ಏನೂ ತೀರ್ಮಾನಿಸಬೇಡಿ. ಮೊದಲು ತೋರಿಸಿ.

ಅಪ್ಪ ಅಮ್ಮ ಇಲ್ಲಿಗೂ ಬರುತ್ತಾರೆ. ಮೊದಲ ತಿಂಗಳು ಸಂಭ್ರಮ. ಆಮೇಲೆ ಅಪ್ಪ ಕಿಟಕಿ ಹತ್ತಿರ ನಿಂತು ರಸ್ತೆಯಲ್ಲಿ ಒಬ್ಬರೂ ನಡೆಯುವುದಿಲ್ಲವಲ್ಲ ಅನ್ನುತ್ತಾರೆ. ಮಕ್ಕಳ ಮನೆಗೇ ಹೋಗಿ ಇದ್ದುಬಿಡುವ ಯೋಚನೆ ಇದ್ದರೆ, ಅದು ಬೆಂಗಳೂರೇ ಆಗಲಿ, ಮೊದಲು ಎರಡು ಮೂರು ತಿಂಗಳು ಇದ್ದು ನೋಡಿ. ಊರಿನ ಮನೆಯನ್ನು ಮಾರಬೇಡಿ.

ಹೊಳೆದಂಡೆ, ಶ್ರೀರಂಗಪಟ್ಟಣ

ದೂರದ ಮಗ ಹೇಳಿದ ನೋಟ್‌ಬುಕ್ ಮಾತಿಗೆ ನನ್ನದೊಂದು ಸೇರಿಕೆ. ಸೂಜಿದಾರ ಅಕ್ಕ, ನಿಮಗೆ ಯಜಮಾನರ ಬ್ಯಾಂಕ್ ಖಾತೆ ಯಾವುದು, ಎಟಿಎಂ ಪಿನ್ ಏನು, ಪಿಎಫ್‌ನ ಯುಎಎನ್ ನಂಬರ್ ಏನು, ನಾಮಿನಿ ಯಾರು ಅಂತ ಗೊತ್ತಾ? ನನ್ನ ತಂಗಿಯ ಗಂಡ ಹಠಾತ್ತಾಗಿ ಹೋದಾಗ ಪಾಪ ಅವಳಿಗೆ ಯಾವುದೂ ಗೊತ್ತಿರಲಿಲ್ಲ. ಪಿಎಫ್‌ನಲ್ಲಿ ಮದುವೆಗೆ ಮುಂಚಿನ ನಾಮಿನಿ, ಅತ್ತೆಯವರ ಹೆಸರು, ಹಾಗೇ ಉಳಿದಿತ್ತು. ದುಃಖದ ನಡುವೆ ಕಚೇರಿಯಿಂದ ಕಚೇರಿಗೆ ಅಲೆದಳು.

ಸೂಜಿದಾರ, ತುಮಕೂರು

ಇಲ್ಲ. ಒಂದೂ ಗೊತ್ತಿರಲಿಲ್ಲ.

ನಿಮ್ಮೆಲ್ಲರ ಮಾತು ಓದಿ ಈ ವಾರ ನಾವಿಬ್ಬರೂ ಕೂತೆವು. ಇವರು ಬೀರುವಿನಿಂದ ಕಾಗದದ ಚೀಲ ತೆಗೆದು ಎಲ್ಲವನ್ನೂ ಹಾಸಿನ ಮೇಲೆ ಹರವಿದರು. ಪಿಎಫ್‌ನಲ್ಲಿ ನಾಮಿನಿ ನಾನೇ ಇದ್ದೇನೆ. ಎರಡು ಎಫ್‌ಡಿಗಳಲ್ಲಿ ನಾಮಿನಿಯೇ ಇರಲಿಲ್ಲ. ಮಗಳ ಹಳೇ ಶಾಲೆ ನೋಟ್‌ಬುಕ್‌ನಲ್ಲಿ ಎಲ್ಲಾ ಬರೆದಿಟ್ಟಿದ್ದೇವೆ. ನನ್ನ ಕೈಬರಹದಲ್ಲೇ ಇರಲಿ, ಆಗ ನೆನಪಿರುತ್ತದೆ ಅಂತ ಇವರೇ ಹೇಳಿದರು.

ಲೆಕ್ಕದ ಪುಸ್ತಕ ಸರ್ ಹಾಕಿದ ಅಂಕಿಗಳನ್ನು ಮಗನಿಗೆ ಫೋಟೋ ತೆಗೆದು ಕಳಿಸಿದೆವು. ಒಂದು ದಿನ ಉತ್ತರ ಬರಲಿಲ್ಲ, ನನಗೆ ಎದೆ ಡವಡವ ಅನ್ನುತ್ತಿತ್ತು. ಮಾರನೇ ದಿನ ಫೋನ್ ಮಾಡಿದ. ನಿಮಗೆ ಪಿಂಚಣಿ ಇಷ್ಟು ಕಡಿಮೆ ಅಂತ ಗೊತ್ತಿರಲಿಲ್ಲ ಅಮ್ಮ ಅಂದ. ಫ್ಲ್ಯಾಟ್ ಎರಡು ವರ್ಷ ಮುಂದಕ್ಕೆ ಹಾಕುತ್ತೇನೆ ಅನ್ನುತ್ತಾನೆ. ಆದರೆ ಇವರಿಗೆ ಅದೂ ಸಂಕಟ. ಎರಡು ಲಕ್ಷವಾದರೂ ಕೊಡೋಣ ಅನ್ನುತ್ತಾರೆ. ಅದಿನ್ನೂ ತೀರ್ಮಾನ ಆಗಿಲ್ಲ. ನೆರಳು ಮರ ಅವರ ಮಾತು ಇವರಿಗೆ ತುಂಬಾ ಹಿಡಿಸಿದೆ. ಲೆಕ್ಕದ ಮಾತು ನನಗೆ ಹಿಡಿಸಿದೆ.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು ಅನಿಸುತ್ತದೆ. ನಮ್ಮ ಬೀದಿಯಲ್ಲಿ ಹೊಲಿಗೆ ಮಷೀನ್ ರಿಪೇರಿ ಮಾಡುವವರು ಯಾರೂ ಇಲ್ಲ. ಮೊನ್ನೆ ಭಾನುವಾರ ನನ್ನ ಮಷೀನ್ ಶಟಲ್ ಸಿಕ್ಕಿಕೊಂಡಿತ್ತು. ಇವರು ಬಿಚ್ಚಿ, ಎಣ್ಣೆ ಹಾಕಿ, ಅರ್ಧ ಗಂಟೆಯಲ್ಲಿ ಸರಿಮಾಡಿದರು. ಪಕ್ಕದ ಬೀದಿಯವರೂ ತಮ್ಮದನ್ನು ತಂದರು. ಇದನ್ನೇ ಮಾಡಬಹುದಲ್ವಾ ಅಂದೆ. ನೋಡೋಣ ಅಂದರು. ನಮ್ಮವರು ನೋಡೋಣ ಅಂದರೆ ಹೌದು ಅಂತಲೇ.

ಒಂದು ಕೊನೆಯ ಪ್ರಶ್ನೆ. ಆ ಹಿರಿಯ ನಾಗರಿಕರ ಖಾತೆಗೆ 60 ಆಗದವರು ಅಂಚೆ ಕಚೇರಿಗೆ ಏನೇನು ಒಯ್ಯಬೇಕು? ಇಲ್ಲಿ ಕೇಳಿದಾಗ ಕೌಂಟರಿನವರು 60 ಆಗಿಲ್ಲ, ಆಗುವುದಿಲ್ಲ ಅಂತ ವಾಪಸ್ ಕಳಿಸಿದರು.

ಲೆಕ್ಕದ ಪುಸ್ತಕ, ದಾವಣಗೆರೆ

ಅವರಿಗೆ ನಿಯಮ ನೆನಪಿಲ್ಲದಿರಬಹುದು. ಜಗಳ ಬೇಡ, ಪೋಸ್ಟ್ ಮಾಸ್ಟರ್ ಅವರನ್ನೇ ನೋಡಿ. ಕಂಪನಿಯ ಲೆಟರ್‌ಹೆಡ್‌ನಲ್ಲಿ ಒಂದು ಪ್ರಮಾಣಪತ್ರ ಬೇಕು. ಅದರಲ್ಲಿ ನಿವೃತ್ತರಾದ ದಿನ, ವಯಸ್ಸಿನ ಕಾರಣಕ್ಕೆ ನಿವೃತ್ತಿ ಎಂಬ ಮಾತು, ಹುದ್ದೆ, ಸೇವೆಯ ಅವಧಿ, ಕೊಟ್ಟ ನಿವೃತ್ತಿ ಹಣದ ವಿವರ ಇರಬೇಕು. ಹಣ ಬಂದ ತಾರೀಕು ಕಾಣುವ ಪಾಸ್‌ಬುಕ್ ಪುಟ, ಆಧಾರ್, ಪ್ಯಾನ್, ಫೋಟೋ ಜೊತೆಗಿರಲಿ. ಬಂದ ನಿವೃತ್ತಿ ಹಣಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ, ನಿಮ್ಮದು ಅದರೊಳಗೇ ಇದೆ.

ಅವಸರಪಟ್ಟು ಪಿಎಫ್ ಹಣ ಏಪ್ರಿಲ್‌ನಲ್ಲೇ ತೆಗೆಯಬೇಕಿಲ್ಲ. ನಿವೃತ್ತಿಯ ನಂತರ ಮೂರು ವರ್ಷದವರೆಗೆ ಅಲ್ಲೂ ಬಡ್ಡಿ ಬರುತ್ತದೆ. ಕಾಗದ ಪತ್ರ ಎಲ್ಲಾ ಸಿದ್ಧವಾದ ಮೇಲೆ ತೆಗೆಯಿರಿ. ಮೂರು ತಿಂಗಳ ಗಡುವು ಹಣ ಕೈಗೆ ಬಂದ ದಿನದಿಂದ ಶುರು.

ಖಾತೆಯನ್ನು ಅವರೊಬ್ಬರ ಹೆಸರಿನಲ್ಲಿ ತೆರೆಯಬೇಡಿ. ಗಂಡ ಹೆಂಡತಿ ಜಂಟಿಯಾಗಿ ತೆರೆಯಲು ಅವಕಾಶ ಇದೆ. ಎರಡನೆಯವರಿಗೆ ವಯಸ್ಸಿನ ಮಿತಿ ಇಲ್ಲ. ನಿಮ್ಮ ಹೆಸರು ಅಲ್ಲಿರಲಿ, ನಾಮಿನಿಯಾಗಿ ಮಕ್ಕಳಿಬ್ಬರೂ ಇರಲಿ.